ಅಕ್ಕಿ ಇತ್ತು, ಆದರೂ ಜನ ಹಸಿದು ಸತ್ತರು: ಅಮರ್ತ್ಯ ಸೇನ್ ಕಂಡುಕೊಂಡ ಕಾರಣ

ನಮಸ್ಕಾರ. ಊರಿನಲ್ಲಿ ಧಾನ್ಯವಿರುವಾಗಲೂ ಜನರು ಹಸಿವಿನಿಂದ ಸಾಯುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ವೀಕ್ಷಕರು ಮತ್ತೆ ಮತ್ತೆ ಕೇಳಿದ್ದಾರೆ. ಈ ಪ್ರಶ್ನೆಯನ್ನು ಅಂಕಿಅಂಶಗಳ ಸಮೇತ ಬಿಡಿಸಿದವರು ಅಮರ್ತ್ಯ ಸೇನ್.

ಪರಿಚಯವನ್ನು ಚುಟುಕಾಗಿ ಮುಗಿಸುತ್ತೇನೆ. ಅವರು 1933ರಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿದರು. ಹೆಸರಿಟ್ಟವರು ರವೀಂದ್ರನಾಥ ಠಾಕೂರರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಮತ್ತು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, 23ನೇ ವಯಸ್ಸಿಗೇ ಜಾದವಪುರ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕಲ್ಯಾಣ ಅರ್ಥಶಾಸ್ತ್ರಕ್ಕೆ, ಅಂದರೆ ಆರ್ಥಿಕ ನಿರ್ಧಾರಗಳಿಂದ ಜನರ ಒಳಿತಿನ ಮೇಲಾಗುವ ಪರಿಣಾಮವನ್ನು ಅಳೆಯುವ ಶಾಸ್ತ್ರಕ್ಕೆ, ನೀಡಿದ ಕೊಡುಗೆಗಾಗಿ 1998ರಲ್ಲಿ ನೊಬೆಲ್, ಮರುವರ್ಷ ಭಾರತ ರತ್ನ ಅವರಿಗೆ ಸಂದವು.

[ಪರದೆಯ ಮೇಲೆ: ಬಂಗಾಳ, 1943]

ಬಂಗಾಳದ ಕ್ಷಾಮ ಬಂದಾಗ ಸೇನ್ ಒಂಬತ್ತು ವರ್ಷದ ಹುಡುಗ. ಮನೆ ಬಾಗಿಲಿಗೆ ಬಂದವರಿಗೆ ಸಿಗರೇಟು ಡಬ್ಬಿಯಲ್ಲಿ ಅಕ್ಕಿ ಅಳೆದು ಕೊಡಲು ಅಜ್ಜ ಅನುಮತಿಸಿದ್ದರೆಂದು ಅವರು ನೆನಪಿಸಿಕೊಂಡಿದ್ದಾರೆ. ಅವರ ಶಾಲೆಯ ಸಹಪಾಠಿಗಳ ಮನೆಗಳಲ್ಲಿ ಮಾತ್ರ ಯಾರೂ ಹಸಿದಿರಲಿಲ್ಲ. ಮುಂದೆ ಸೇನ್ ಅಂದಾಜಿಸಿದಂತೆ ಈ ಕ್ಷಾಮಕ್ಕೆ ಬಲಿಯಾದವರು ಸುಮಾರು 30 ಲಕ್ಷ ಜನ.

ಅಂದಿನ ಸರ್ಕಾರಿ ವಿಚಾರಣಾ ಆಯೋಗವು ಅಕ್ಕಿಯ ಕೊರತೆಯೇ ಮುಖ್ಯ ಕಾರಣವೆಂದಿತ್ತು. 1981ರಲ್ಲಿ ಪ್ರಕಟವಾದ ‘ಪಾವರ್ಟಿ ಆ್ಯಂಡ್ ಫ್ಯಾಮಿನ್ಸ್’ ಕೃತಿಯಲ್ಲಿ ಸೇನ್ ಬೇರೆಯದೇ ಲೆಕ್ಕವನ್ನು ಮುಂದಿಟ್ಟರು: 1943ರಲ್ಲಿ ಲಭ್ಯವಿದ್ದ ಧಾನ್ಯವು ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ 5ರಷ್ಟು ಕಡಿಮೆಯಿದ್ದರೂ, ಕ್ಷಾಮವೇ ಇಲ್ಲದಿದ್ದ 1941ಕ್ಕಿಂತ ಶೇ 13ರಷ್ಟು ಹೆಚ್ಚಾಗಿತ್ತು. ಹಾಗಿದ್ದರೆ ಸತ್ತವರು ಯಾರು, ಏಕೆ ಸತ್ತರು?

ಇಲ್ಲಿ ಸ್ವಲ್ಪ ನಿಲ್ಲೋಣ. ಸೇನ್ ಅವರ ಬರಹದಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ಹಳ್ಳಿಯ ಕ್ಷೌರಿಕನ ಉದಾಹರಣೆ. ಆತನಿಗೆ ಹೊಲವಿಲ್ಲ, ಕಣಜವಿಲ್ಲ. ಇರುವುದು ಒಂದು ಕತ್ತಿ ಮತ್ತು ಕೈಯ ಕಸುಬು. ಅಕ್ಕಿಯ ಬೆಲೆ ಏರತೊಡಗಿದಾಗ ಜನರು ಹೊಟ್ಟೆಯ ಪಾಡನ್ನು ಮುಂದೆ ಹಾಕುತ್ತಾರೆ, ತಲೆಗೂದಲು ಇನ್ನೂ ಒಂದು ತಿಂಗಳು ಬೆಳೆಯಲೆಂದು ಬಿಡುತ್ತಾರೆ. ಹೀಗೆ ಆತನ ಗಿರಾಕಿಗಳು ಕಡಿಮೆಯಾಗುತ್ತಾರೆ. ಬಂದ ಕೆಲವರ ಕೆಲಸಕ್ಕೂ ಮೊದಲಿನ ಬೆಲೆ ಉಳಿಯುವುದಿಲ್ಲ, ಏಕೆಂದರೆ ಒಂದು ಕ್ಷೌರಕ್ಕೆ ಸಿಗುವ ಧಾನ್ಯದ ಪ್ರಮಾಣವು ಕೆಲವು ಜಿಲ್ಲೆಗಳಲ್ಲಿ ಶೇ 70ರಿಂದ 80ರಷ್ಟು ಕುಸಿಯಿತು. ಮೊದಲು ಒಂದು ತಲೆ ಬೋಳಿಸಿದರೆ ಬರುತ್ತಿದ್ದಷ್ಟು ಅಕ್ಕಿಗೆ ಈಗ ನಾಲ್ಕೈದು ತಲೆಗಳು ಬೇಕು, ಬರುವವರೇ ಇಲ್ಲ. ಸಂತೆಯಲ್ಲಿ ಅಕ್ಕಿಯ ಮೂಟೆ ಕಣ್ಣೆದುರಿಗೇ ಇದ್ದರೂ ಅದನ್ನು ಪಡೆಯುವ ದಾರಿ ಆತನಿಗೆ ಮುಚ್ಚಿಹೋಗಿತ್ತು. ಕ್ಷಾಮವೆಂದರೆ ಮಳೆ, ಬೆಳೆ, ಗೋದಾಮು ಎಂದಷ್ಟೇ ಯೋಚಿಸುವ ಯಾವ ಅಧಿಕಾರಿಯ ಕಡತದಲ್ಲಿಯೂ ಈ ಕ್ಷೌರಿಕ ಕಾಣಿಸಿಕೊಳ್ಳಲಾರ.

ಮೀನುಗಾರರ ಕಥೆಯೂ ಇಂಥದೇ. ಜಪಾನಿ ಸೈನ್ಯ ಬರಬಹುದೆಂಬ ಭಯದಿಂದ 1942ರಲ್ಲಿ ಬ್ರಿಟಿಷ್ ಸರ್ಕಾರವು ಕರಾವಳಿ ಬಂಗಾಳದಲ್ಲಿ ಹತ್ತಕ್ಕಿಂತ ಹೆಚ್ಚು ಜನರನ್ನು ಸಾಗಿಸಬಲ್ಲ ದೋಣಿಗಳನ್ನು ವಶಪಡಿಸಿಕೊಂಡಿತು, ಇಲ್ಲವೇ ನಾಶಮಾಡಿತು. ಭೂಹೀನ ಕೂಲಿಕಾರರ ಕೂಲಿ ಬೆಲೆಯೇರಿಕೆಯ ಬೆನ್ನುಹತ್ತಲಾಗಲಿಲ್ಲ. ಯುದ್ಧದ ವೆಚ್ಚದಿಂದ ಬೆಲೆಗಳು ಉಬ್ಬುತ್ತಿದ್ದ ಅದೇ ಕಾಲದಲ್ಲಿ ಕಲ್ಕತ್ತೆಯ ಕಾರ್ಖಾನೆ ಕಾರ್ಮಿಕರಿಗೆ ಅಗ್ಗದ ಅಕ್ಕಿ ಒದಗಿಸಲಾಯಿತು. ಕಾನೂನುಬದ್ಧವಾಗಿ ಆಹಾರವನ್ನು ತನ್ನದಾಗಿಸಿಕೊಳ್ಳುವ ಈ ಶಕ್ತಿಯನ್ನೇ ಸೇನ್ ಹಕ್ಕುದಾರಿಕೆ ಎಂದು ಕರೆದರು.

ಸೇನ್ ಬಳಸಿದ ಬೆಳೆಯ ಅಂಕಿಗಳು ನಂಬಲರ್ಹವಲ್ಲವೆಂದು, ಆ ವರ್ಷ ಕೊರತೆಯೂ ನಿಜವೇ ಆಗಿತ್ತೆಂದು ವಾದಿಸುವ ವಿದ್ವಾಂಸರಿದ್ದಾರೆ. ಆ ವಾದವನ್ನು ಒಪ್ಪಿದರೂ, ಕೊರತೆಯ ಹೊರೆ ಕ್ಷೌರಿಕ, ಬೆಸ್ತ, ಕೂಲಿಕಾರರ ತಲೆಯ ಮೇಲೆಯೇ ಏಕೆ ಬಿತ್ತೆಂಬುದಕ್ಕೆ ಸೇನ್ ಅವರ ವಿವರಣೆಯೇ ಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ನೆರೆಯ ಮಹಾರಾಷ್ಟ್ರದ್ದು. 1970ರ ದಶಕದ ಆರಂಭದ ಭೀಕರ ಬರದಲ್ಲಿ ಅಲ್ಲಿ ಬೆಳೆ ನೆಲಕಚ್ಚಿತು. ಆದರೆ ಸರ್ಕಾರವು ಕಾಮಗಾರಿಗಳನ್ನು ತೆರೆದು ಲಕ್ಷಾಂತರ ಜನರಿಗೆ ಕೂಲಿ ಕೊಟ್ಟದ್ದರಿಂದ ಬಂಗಾಳದಂತಹ ಸಾವು ಸಂಭವಿಸಲಿಲ್ಲ. ಪತ್ರಿಕೆಗಳು ಮತ್ತು ಚುನಾವಣೆಗಳು ಇರುವ ದೇಶದಲ್ಲಿ ಸರ್ಕಾರ ಸುಮ್ಮನಿರಲಾಗದೆಂಬುದು ಸೇನ್ ಅವರ ವಾದ. ಬಂಗಾಳದಲ್ಲಿಯೂ ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ 1943ರ ಆಗಸ್ಟ್‌ನಲ್ಲಿ ಕ್ಷಾಮದ ಚಿತ್ರಗಳನ್ನು ಅಚ್ಚುಹಾಕಿದ ಮೇಲೆಯೇ ಮೌನ ಮುರಿಯಿತು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ವ್ಯಕ್ತಿಯ ಆದಾಯಕ್ಕಿಂತ, ಆತ ಏನು ಮಾಡಬಲ್ಲ, ಏನಾಗಬಲ್ಲ ಎಂಬ ಸಾಮರ್ಥ್ಯವನ್ನು ಅಳೆಯಬೇಕೆಂದು ಸೇನ್ 1979ರ ಉಪನ್ಯಾಸವೊಂದರಲ್ಲಿ ಪ್ರತಿಪಾದಿಸಿದರು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ, ಅವರ ಗೆಳೆಯ ಮಹಬೂಬ್ ಉಲ್ ಹಕ್ 1990ರಲ್ಲಿ ವಿಶ್ವಸಂಸ್ಥೆಯ ಮೂಲಕ ಹೊರತಂದ, ದೇಶಗಳನ್ನು ಆದಾಯದ ಜೊತೆಗೆ ಆಯುಷ್ಯ ಮತ್ತು ಶಿಕ್ಷಣದಿಂದಲೂ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕಕ್ಕೆ ಈ ಚಿಂತನೆಯೇ ಬುನಾದಿ. ಅದೇ ವರ್ಷ ಸೇನ್ ಗಂಡು–ಹೆಣ್ಣಿನ ಅನುಪಾತಗಳನ್ನು ಹೋಲಿಸಿ, ಆರೈಕೆ ಮತ್ತು ಆಹಾರದಲ್ಲಿನ ತಾರತಮ್ಯದಿಂದಾಗಿ ಹತ್ತು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಜಗತ್ತಿನ ಲೆಕ್ಕದಿಂದಲೇ ಕಾಣೆಯಾಗಿದ್ದಾರೆಂದು ಬರೆದರು. ಮುಂದಿನ ವಿಡಿಯೋದಲ್ಲಿ ಆ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುತ್ತೇನೆ.