ಪಾತ್ರೆಯ ತಳದ ಬಿಳಿ ಹಕ್ಕಳೆ

ಕೇಳುಗರಿಗೆಲ್ಲ ನಮಸ್ಕಾರ.

ಚಿತ್ರದುರ್ಗದ ಸುತ್ತಮುತ್ತ ಬೋರಿನ ನೀರು ಕಾಯಿಸುವ ಯಾವ ಪಾತ್ರೆಯ ತಳ ನೋಡಿದರೂ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಎಷ್ಟು ಉಜ್ಜಿದರೂ ಬಿಡುವುದಿಲ್ಲ. "ಉಪ್ಪು ಕಟ್ಟಿದೆ" ಎಂದು ಸುಮ್ಮನಾಗುತ್ತೇವೆ. ರಸಾಯನಶಾಸ್ತ್ರ ಈಗಷ್ಟೇ ಶುರು ಮಾಡಿರುವ ಮಕ್ಕಳು ಸುಮ್ಮನಾಗಬಾರದು ಎಂಬುದು ನನ್ನ ಆಸೆ.

ಕಣ್ಣಿಗೆ ಕಂಡದ್ದೇನು? ಬಿಳಿ ಬಣ್ಣ, ಗಟ್ಟಿ ಪದರ, ನೀರು ಕುದಿದ ಜಾಗದಲ್ಲೇ ಅಂಟಿರುವುದು. "ಉಪ್ಪು" ಎನ್ನುವುದು ಕಂಡದ್ದಲ್ಲ, ನಾವು ಸೇರಿಸಿದ್ದು. ಪ್ರಯೋಗದ ನೋಟ್‌ಬುಕ್ಕಿನಲ್ಲೂ ಹೀಗೇ ಆಗುತ್ತದೆ. ವೀಕ್ಷಣೆ ಎಂಬ ಜಾಗದಲ್ಲಿ "ಕಾರ್ಬನ್ ಡೈಆಕ್ಸೈಡ್ ಬಂತು" ಎಂದು ಬರೆದುಬಿಡುತ್ತಾರೆ. ಕಂಡದ್ದು ಬರೀ ಗುಳ್ಳೆ, ಅಲ್ವಾ? ಅದು ಯಾವ ಅನಿಲ ಎಂಬುದು ಆಮೇಲೆ ತೀರ್ಮಾನವಾಗಬೇಕಾದ ಮಾತು.

ಸರಿ, ಉಪ್ಪು ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಅದು ನೀರಿನಲ್ಲಿ ಕರಗಬೇಕು. ಹಕ್ಕಳೆಯ ಒಂದು ಚೂರು ಕೆರೆದು, ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಗ್ಗೆ ನೋಡಿದರೆ ಚೂರು ಹಾಗೇ ಕೂತಿರುತ್ತದೆ. ಉಪ್ಪಿನ ಊಹೆ ಅಲ್ಲಿಗೆ ಬಿದ್ದುಹೋಯಿತು.

ಈಗ ಇನ್ನೊಂದು ಊಹೆ. ಇದು ಸುಣ್ಣದ ಕಲ್ಲಿನ ಜಾತಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರಬಹುದು. ಹಾಗಿದ್ದರೆ ಹುಳಿ ತಗುಲಿದ ಕೂಡಲೇ ಅನಿಲ ಹೊರಬರಬೇಕು. ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ, ಬಗ್ಗಿ ನೋಡಿ. ಚೂರಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಹುಟ್ಟಿ, ಮೇಲೆದ್ದು ಒಡೆಯುತ್ತವೆ. ಪಕ್ಕದ ತಟ್ಟೆಯಲ್ಲಿ ಕಲ್ಲುಪ್ಪಿನ ಹರಳಿಗೂ ಅದೇ ರಸ ಹಾಕಿ. ಅಲ್ಲಿ ಹಾಗೆ ಗುಳ್ಳೆ ಏಳುವುದಿಲ್ಲ. ಈ ಎರಡನೇ ತಟ್ಟೆಯನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ನಿಂಬೆರಸವೇ ಸುಮ್ನೆ ನೊರೆಗಟ್ಟಿತೇನೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ. ಆ ಅನಿಲವನ್ನು ಶಾಲೆಯ ಲ್ಯಾಬಿನಲ್ಲಿ ತಿಳಿ ಸುಣ್ಣದ ನೀರಿಗೆ ಹಾಯಿಸಿದರೆ ನೀರು ಬೆಳ್ಳಗೆ ಮಬ್ಬಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಎಂದು ಈಗ ಧೈರ್ಯವಾಗಿ ಬರೆಯಬಹುದು.

ಈ ಅನಿಲದ ಬೆನ್ನು ಹತ್ತಿದವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್. 1750ರ ದಶಕದ ಮಾತು. ಸುಣ್ಣದ ಕಲ್ಲು ಸುಮ್ನೆ ಕೈಯಲ್ಲಿ ಹಿಡಿದರೆ ಏನೂ ಮಾಡುವುದಿಲ್ಲ, ಸುಟ್ಟ ಸುಣ್ಣ ಚರ್ಮವನ್ನೇ ಸುಡುತ್ತದೆ. ಬೆಂಕಿಯ ಅಂಶ ಕಲ್ಲಿನೊಳಗೆ ಸೇರಿಕೊಂಡಿದ್ದರಿಂದ ಹೀಗಾಗುತ್ತದೆ ಎಂದು ಆಗಿನವರು ಹೇಳುತ್ತಿದ್ದರು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಬ್ಲ್ಯಾಕ್ ತೂಕ ಮಾಡಿ ನೋಡಿದರು. ಸುಟ್ಟ ಮೇಲೆ ತೂಕ ಸಿಕ್ಕಾಪಟ್ಟೆ ಇಳಿದಿತ್ತು. ಏನೋ ಒಳಗೆ ಸೇರಿಲ್ಲ, ಹೊರಗೆ ಹೋಗಿದೆ! ಹೋದದ್ದನ್ನು ಮರಳಿ ಸೇರಿಸಿದರೆ ಹಳೆಯ ತೂಕ ಬರಬೇಕಲ್ಲ? ಅದನ್ನೂ ಮಾಡಿದರು. ಹೆಚ್ಚುಕಡಿಮೆ ಅಷ್ಟೇ ಬಂತು. 1756ರಲ್ಲಿ ಇದನ್ನೆಲ್ಲ ಪ್ರಕಟಿಸಿದರು. ಇವತ್ತಿನ ಲೆಕ್ಕದಲ್ಲಿ 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಸುಟ್ಟರೆ 56 ಗ್ರಾಂ ಸುಣ್ಣ ಉಳಿಯುತ್ತದೆ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಬರೀ ಒಂದು ತಕ್ಕಡಿಯಿಂದ ಇಷ್ಟು ದೊಡ್ಡ ನಂಬಿಕೆ ಅಲುಗಾಡಿತು ಎಂಬುದು ನನಗೆ ಈಗಲೂ ಬೆರಗು.

ನಮ್ಮ ನೀರಿನ ಕಥೆಯಲ್ಲೂ ಇದೇ ಅನಿಲ. ನೆಲದೊಳಗೆ ಹರಿಯುವಾಗ ನೀರು ಈ ಅನಿಲವನ್ನು ಹೀರಿಕೊಂಡು, ಕಲ್ಲುಮಣ್ಣಿನ ಕ್ಯಾಲ್ಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಂಡು ಬರುತ್ತದೆ. ಕುದಿಸಿದಾಗ ಅನಿಲ ಹಾರಿಹೋಗಿ, ಕಾರ್ಬೊನೇಟ್ ತಳದಲ್ಲಿ ಕೂರುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಸೋಪಿನ ನೊರೆಯನ್ನು ತಡೆಯುತ್ತದೆ. ಹಾಗಾಗಿ ಇದು ನಿಜವಾದರೆ, ಕುದಿಸಿ ಆರಿಸಿದ ನೀರಿನಲ್ಲಿ ಸೋಪು ಜಾಸ್ತಿ ನೊರೆ ಕೊಡಬೇಕು. ಹಸಿ ಬೋರಿನ ನೀರು, ಕುದಿಸಿ ಸೋಸಿದ್ದು, ನೇರವಾಗಿ ಹಿಡಿದ ಮಳೆನೀರು, ಮೂರನ್ನೂ ಒಂದೇ ಅಳತೆಯ ಬಾಟಲಿಗಳಲ್ಲಿ ಹಾಕಿ, ಅಷ್ಟಷ್ಟೇ ಸೋಪು ತುರಿದು ಅಲ್ಲಾಡಿಸಿ. ಬಟ್ಟೆ ಪೌಡರು ಬೇಡ, ಅದು ಗಡಸು ನೀರಿನಲ್ಲೂ, ಅಂದರೆ ಇಂಥ ಲವಣಗಳು ಕರಗಿರುವ ನೀರಿನಲ್ಲೂ, ನೊರೆ ಕೊಡುತ್ತದೆ. ಕುದಿಸಿದ ಮೇಲೂ ನೊರೆ ಬಾರದಿದ್ದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಲ್ಫೇಟ್, ಕ್ಲೋರೈಡ್ ಲವಣಗಳಿರಬಹುದು. ಅವು ಕುದಿಸಿದರೆ ಹೋಗುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇದೆ. ಹಕ್ಕಳೆ ನೋಡಿ ಅದನ್ನು ಅಳೆಯಲಾಗದು. ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟು ಅಂಕಿ ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದನ್ನು ಕುಡಿಯಲೂ ಬೇಡಿ, ಅಡುಗೆಗೂ ಬಳಸಬೇಡಿ.

ನಮಸ್ಕಾರ.