ಅರಬ್ಬೀ ಸಮುದ್ರದ ತಳದಿಂದ ಪಾಠ ಆರಂಭವಾಗಲಿ
(ಉಡುಪಿಯಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೇ, ಶಿಕ್ಷಕ ಬಂಧುಗಳೇ,

ನಾಳೆ ಬೆಳಿಗ್ಗೆ ನಾವೆಲ್ಲರೂ ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲಿದ್ದೇವೆ. ಅದಕ್ಕೆ ಮುನ್ನ ಒಂದು ಮಾತನ್ನು ನಿಮ್ಮ ಮುಂದಿಡಬೇಕೆಂದೇ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಗಳ ನಕ್ಷೆಯನ್ನು ಕತ್ತರಿಸಿ, ಒಂದರ ಅಂಚಿಗೆ ಇನ್ನೊಂದನ್ನು ಹೊಂದಿಸಿ ತೋರಿಸುವುದರಿಂದಲೇ ನಾವು ಖಂಡಚಲನೆಯ ಪಾಠವನ್ನು ಆರಂಭಿಸುತ್ತೇವೆ. ಮಕ್ಕಳಿಗೆ ಅದು ಇಷ್ಟವಾಗುತ್ತದೆ, ಆದರೆ ಅವರ ಮನಸ್ಸಿನಲ್ಲಿ ಉಳಿಯುವುದು ನೀರಿನ ಮೇಲೆ ತೆಪ್ಪದಂತೆ ತೇಲಿಹೋಗುವ ಖಂಡದ ಚಿತ್ರ. ಈ ಪಾಠ ನೆಲದಿಂದಲ್ಲ, ಕಡಲ ತಳದಿಂದ ಆರಂಭವಾಗಬೇಕು, ಅದರಲ್ಲೂ ನಮ್ಮ ಅರಬ್ಬೀ ಸಮುದ್ರದ ತಳದಿಂದ.

ಜರ್ಮನಿಯ ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್ 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಖಂಡಗಳು ಒಮ್ಮೆ ಒಂದಾಗಿದ್ದು ಆಮೇಲೆ ಬೇರೆಬೇರೆಯಾಗಿ ಸರಿದವು ಎಂಬ ತಮ್ಮ ವಾದವನ್ನು ಮಂಡಿಸಿದಾಗ ಅವರ ಕೈಯಲ್ಲಿ ಶಿಲೆಗಳ ಸಾಕ್ಷ್ಯವಿತ್ತು, ಪಳೆಯುಳಿಕೆಗಳ ಸಾಕ್ಷ್ಯವಿತ್ತು. ಗಟ್ಟಿಯಾದ ಸಾಗರತಳವನ್ನು ಉತ್ತುಕೊಂಡು ಖಂಡವೊಂದು ಹೇಗೆ ಮುಂದೆ ಸಾಗೀತು ಎಂಬ ಪ್ರಶ್ನೆಗೆ ಮಾತ್ರ ಒಪ್ಪತಕ್ಕ ಉತ್ತರವಿರಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗುವ ಮೊದಲೇ, 1930ರಲ್ಲಿ, ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಖಂಡ ತಳವನ್ನು ಸೀಳಿಕೊಂಡು ಹೋಗುವುದಿಲ್ಲ. ತಳವೇ ಹುಟ್ಟಿ ಸರಿಯುತ್ತದೆ, ಖಂಡ ಅದರೊಡನೆ ಸಾಗುತ್ತದೆ. ಈ ಮಾತನ್ನು ನಾನು ಇಂದು ಮತ್ತೆ ಮತ್ತೆ ಹೇಳುವವನಿದ್ದೇನೆ.

ತಳದ ಗುಟ್ಟನ್ನು ಮೊದಲು ಕಂಡವರು ಮೇರಿ ಥಾರ್ಪ್. ಇವರ ವಿಷಯ ಬಂದಾಗ ನಾನು ಬೇಗ ಮುಂದೆ ಹೋಗುವುದಿಲ್ಲ ಎಂಬುದು ನನ್ನ ಮಾತನ್ನು ಹಿಂದೆ ಕೇಳಿದವರಿಗೆ ಗೊತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದುದರಿಂದ ಮಿಶಿಗನ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಹಾಗೆ ಓದಿದವರು ಇವರು. ಮುಂದೆ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರ ಗುಂಪನ್ನು ಸೇರಿದರು. ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸದಿದ್ದ ಕಾಲ ಅದು. ಸಹೋದ್ಯೋಗಿ ಬ್ರೂಸ್ ಹೀಜನ್ ಹಡಗಿನಿಂದ ಆಳದ ಅಳತೆಗಳನ್ನು ತಂದುಕೊಡುತ್ತಿದ್ದರು. ಥಾರ್ಪ್ ಮೇಜಿನ ಮುಂದೆ ಕುಳಿತು ಆ ಸಾವಿರಾರು ಅಂಕಿಗಳನ್ನು ಒಂದೊಂದಾಗಿ ಗೆರೆಗೆ ಇಳಿಸುತ್ತಿದ್ದರು. 1952ರ ಹೊತ್ತಿಗೆ ಉತ್ತರ ಅಟ್ಲಾಂಟಿಕ್ಕಿನ ತಳದ ಏರಿಳಿತವನ್ನು ತೋರಿಸುವ ಆರು ಅಡ್ಡಸೀಳು ಚಿತ್ರಗಳು ಸಿದ್ಧವಾದವು. ಅವುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ನಡುವಿನ ಪರ್ವತಶ್ರೇಣಿಯ ನೆತ್ತಿಯಲ್ಲಿ ಒಂದು ಆಳವಾದ ಕಚ್ಚು ಮತ್ತೆ ಮತ್ತೆ ಕಾಣಿಸಿತು. ನೆಲ ಅಲ್ಲಿ ಬಿರಿಯುತ್ತಿದೆ ಎಂದು ಅವರು ಹೇಳಿದರೆ, ಹೀಜನ್ ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದರು. ಆಗಲೇ ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎಂಬ ಯುವಕ ಸಾಗರದ ಭೂಕಂಪಗಳು ಸಂಭವಿಸಿದ ಜಾಗಗಳನ್ನು ಗುರುತು ಹಾಕುತ್ತಿದ್ದ. ಎರಡು ನಕ್ಷೆಗಳನ್ನೂ ಒಂದೇ ಅಳತೆಗೆ ತಂದು ಹೋಲಿಸಿದಾಗ ಭೂಕಂಪದ ಚುಕ್ಕೆಗಳು ಥಾರ್ಪ್ ಬರೆದ ಕಣಿವೆಯ ಉದ್ದಕ್ಕೂ ಸಾಲುಗಟ್ಟಿ ನಿಂತವು. ಹೀಜನ್ ಒಪ್ಪಬೇಕಾಯಿತು. ಹಡಗು ಹತ್ತದೆ, ಕಡಲನ್ನು ಕಾಣದೆ, ಪೆನ್ನು ಮತ್ತು ತಾಳ್ಮೆಗಳಿಂದಲೇ ಭೂಮಿಯ ಅತಿ ಉದ್ದದ ಪರ್ವತಸಾಲಿನ ನೆತ್ತಿಯ ಬಿರುಕನ್ನು ಕಂಡುಹಿಡಿದ ಈ ಹೆಣ್ಣುಮಗಳ ಕಥೆಯನ್ನು ನಿಮ್ಮ ತರಗತಿಯ ಹುಡುಗಿಯರಿಗೆ ದಯವಿಟ್ಟು ಹೇಳಿ.

ಇನ್ನು ನಮ್ಮ ಸಮುದ್ರಕ್ಕೆ ಬರೋಣ. ಅರಬ್ಬೀ ಸಮುದ್ರದ ತಳದಲ್ಲಿ, ನಮಗೂ ಆಫ್ರಿಕಕ್ಕೂ ನಡುವೆ, ಕಾರ್ಲ್ಸ್‌ಬರ್ಗ್ ಏಣು ಎಂಬ ಪರ್ವತಶ್ರೇಣಿಯಿದೆ. ಅದನ್ನು ಶೋಧಿಸಿದ ಡೆನ್ಮಾರ್ಕಿನ ಯಾತ್ರೆಗೆ ಬಿಯರ್ ಕಂಪನಿಯ ಪ್ರತಿಷ್ಠಾನ ಹಣ ಕೊಟ್ಟಿದ್ದರಿಂದ ಆ ಹೆಸರು ಬಂತು. ಮಕ್ಕಳು ಕೇಳಿದರೆ ನಿಜವನ್ನೇ ಹೇಳಿ, ಹೆಸರು ಮರೆಯುವುದಿಲ್ಲ. 1962ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಡ್ರಮಂಡ್ ಮ್ಯಾಥ್ಯೂಸ್ ಈ ಏಣಿನ ಒಂದು ಭಾಗದ ಮೇಲೆ ಕಾಂತಶಕ್ತಿಯನ್ನು ಅಳೆದು ತಂದರು. ಕೇಂಬ್ರಿಜ್‌ನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಫ್ರೆಡ್ ವೈನ್ ಆ ಅಂಕಿಗಳನ್ನು ವಿಶ್ಲೇಷಿಸಿದರು. ಬಿರುಕಿನಿಂದ ಉಕ್ಕುವ ಲಾವಾ ಬಸಾಲ್ಟ್ ಎಂಬ ಕಪ್ಪು ಶಿಲೆಯಾಗಿ ತಣ್ಣಗಾಗುವಾಗ ಅದರೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಕಾಂತದ ಉತ್ತರ ದಕ್ಷಿಣಗಳು ಆಗಾಗ ಅದಲುಬದಲಾಗುತ್ತವೆ; ಕೊನೆಯ ಬದಲಾವಣೆ ಆಗಿ ಸುಮಾರು 7,80,000 ವರ್ಷಗಳಾದವು. ತಳ ನಿಜವಾಗಿಯೂ ನಡುವಿನಲ್ಲಿ ಹುಟ್ಟಿ ಎರಡೂ ಕಡೆಗೆ ಸರಿಯುತ್ತಿದ್ದರೆ, ಒಂದೇ ಮಗ್ಗದಿಂದ ಎರಡು ದಿಕ್ಕಿಗೆ ಪಟ್ಟೆಬಟ್ಟೆಯನ್ನು ಎಳೆದಂತೆ, ಏಣಿನ ಆಚೀಚೆ ಒಂದೇ ಕ್ರಮದ ಕಾಂತಪಟ್ಟೆಗಳು ಇರಲೇಬೇಕು. 1963ರ ಸೆಪ್ಟೆಂಬರಿನಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಕೆನಡಾದ ಲಾರೆನ್ಸ್ ಮಾರ್ಲಿ ಇದೇ ವಿಚಾರವನ್ನು ಸ್ವತಂತ್ರವಾಗಿ ಬರೆದು ಕಳಿಸಿದ್ದರೂ ಎರಡು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. 1966ರ ಹೊತ್ತಿಗೆ ಪೆಸಿಫಿಕ್ಕಿನ ದಕ್ಷಿಣದಿಂದ ಬಂದ ಅಳತೆಗಳಲ್ಲಿ ಎಡಬಲಗಳು ಕನ್ನಡಿಯಲ್ಲಿ ಕಂಡಷ್ಟು ಸರಿಸಮವಾಗಿದ್ದವು. ಸಂಶಯಪಡುತ್ತಿದ್ದ ಬಹುಮಂದಿ ಆಗ ಮನಸ್ಸು ಬದಲಿಸಿದರು.

ಕಾರ್ಲ್ಸ್‌ಬರ್ಗ್ ಏಣು ಇಂದಿಗೂ ವರ್ಷಕ್ಕೆ 2ರಿಂದ 3 ಸೆಂಟಿಮೀಟರ್ ಹರಡುತ್ತಿದೆ. ಎರಡೂವರೆ ಎಂದಿಟ್ಟುಕೊಂಡು ಮಕ್ಕಳಿಂದಲೇ ಲೆಕ್ಕ ಮಾಡಿಸಿ: ಹತ್ತು ಲಕ್ಷ ವರ್ಷಕ್ಕೆ 25 ಕಿಲೋಮೀಟರ್, ಹೆಚ್ಚುಕಡಿಮೆ ಉಡುಪಿಯಿಂದ ಪಡುಬಿದ್ರಿಗೆ ಇರುವಷ್ಟು ದೂರ. ಅಷ್ಟಗಲದ ಹೊಸ ನೆಲ ನೀರಿನಡಿಯಲ್ಲಿ ಹುಟ್ಟಿದೆ. ತಳವೇ ಹುಟ್ಟಿ ಸರಿಯುತ್ತದೆ, ಖಂಡ ಅದರೊಡನೆ ಸಾಗುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಾಗಾಗಿ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೊಸ ತಳ ಹುಟ್ಟುತ್ತಲೇ ಇದ್ದರೆ ಭೂಮಿ ಊದಿಕೊಳ್ಳಬೇಕಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಹಳೆಯ ತಳ ಕಂದಕಗಳಲ್ಲಿ ಕೆಳಕ್ಕೆ ಜಾರಿ ಮರಳಿ ಭೂಗರ್ಭ ಸೇರುತ್ತದೆ. 2004ರ ಸುನಾಮಿಯನ್ನು ಎಬ್ಬಿಸಿದ್ದು ಸುಮಾತ್ರದ ಬಳಿಯ ಅಂಥದೇ ಜಾರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳಾಗಿದ್ದರೂ ಮಹಾಸಾಗರಗಳ ವಿಶಾಲ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ನೆಲ ಸಿಗದಿರುವುದು ಇದೇ ಕಾರಣಕ್ಕೆ. ಹಿಮಾಲಯದ ಮಾತನ್ನು ಇನ್ನೊಮ್ಮೆ ಆಡೋಣ.

ನಾಳೆಯ ದ್ವೀಪದ ಬಗ್ಗೆ ಮಾತ್ರ ಹೇಳಲೇಬೇಕು. ಅಲ್ಲಿನ ಕಂಬಶಿಲೆಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾದಿಂದ ಆದವು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ ಲಾವಾ ತಣಿಯುತ್ತ ಕುಗ್ಗಿ ಬಿರಿದು ಕಂಬಗಳಾಯಿತು. ಹಿಂದೊಮ್ಮೆ ನಾನು ಕರೆದೊಯ್ದ ವಿದ್ಯಾರ್ಥಿನಿಯೊಬ್ಬಳು ಒಂದೊಂದು ಕಂಬದ ನೆತ್ತಿಯ ಮೇಲೂ ಬೆರಳಾಡಿಸಿ ಮೂಲೆಗಳನ್ನು ಎಣಿಸಿ ನೋಟುಪುಸ್ತಕದಲ್ಲಿ ಬರೆದುಕೊಂಡಳು: ಆರು, ಐದು, ಆರು, ಏಳು, ಆರು, ಐದು. ಎಲ್ಲವೂ ಷಟ್ಕೋನವೆಂದು ನಾನು ಹೇಳಿದ್ದನ್ನು ಅವಳು ತಿದ್ದಿದಳು. ನೀವೂ ಎಣಿಸಿ. ಆಮೇಲೆ ಪಡುವಣಕ್ಕೆ ಮುಖಮಾಡಿ ನಿಂತು ನೋಡಿ: ಈ ಕಲ್ಲು ಕಾದಿದ್ದಾಗ ಆ ದಿಕ್ಕಿನಲ್ಲಿ ಕಾಣುವ ಕಡಲು ಇರಲಿಲ್ಲ, ಮಡಗಾಸ್ಕರಿನ ನೆಲವಿತ್ತು. ಅದು ದೂರವಾದ ಬಳಿಕ, ಸುಮಾರು 6.3 ಕೋಟಿ ವರ್ಷಗಳ ಹಿಂದೆ, ಸೇಶೆಲ್ಸ್ ಕೂಡ ನಮ್ಮಿಂದ ಕಳಚಿಕೊಂಡಿತು. ಸಾಗರದ ನಡುವಿನ ಆ ದ್ವೀಪಗಳಲ್ಲಿ ಖಂಡಗಳ ಕಲ್ಲಾದ ಗ್ರಾನೈಟ್ ಇರುವುದು ಅವು ಖಂಡದ ಚೂರುಗಳಾಗಿರುವುದರಿಂದ.

ಆ ದ್ವೀಪ ರಾಷ್ಟ್ರೀಯ ಭೂಸ್ಮಾರಕ. ಆದ್ದರಿಂದ ಸುತ್ತಿಗೆಗಳನ್ನು ಕೋಣೆಯಲ್ಲೇ ಬಿಟ್ಟು ಬನ್ನಿ. ನೋಟುಪುಸ್ತಕ ಮತ್ತು ದಿಕ್ಸೂಚಿ ಸಾಕು.