ಕೊಪ್ಪಳದ ಮನೆಯಲ್ಲಿ ‘ಲೂಪರ್’: ಕಾಲದ ಗಂಟು ಬಿಡಿಸಿದ ಬಗೆ

ನಮಸ್ಕಾರ. ಈ ಸಲ ಕೊಪ್ಪಳದ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಅಕ್ಕನ ಮಗ ಕೂತು ನೋಡಿದ್ದು 2012ರಲ್ಲಿ ತೆರೆಕಂಡ, ರಯಾನ್ ಜಾನ್ಸನ್ ನಿರ್ದೇಶನದ ‘ಲೂಪರ್’. ರಕ್ತಪಾತ ಸಾಕಷ್ಟಿದೆ, ಸಣ್ಣ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೋಡುವಂಥದ್ದಲ್ಲ. ಕಥೆಯ ಕೆಲವು ತಿರುವುಗಳನ್ನು ಹೇಳಲಿದ್ದೇನೆ, ಕೊನೆಯನ್ನು ಮಾತ್ರ ಹೇಳುವುದಿಲ್ಲ.

ಕಥೆ ನಡೆಯುವುದು 2044ರಲ್ಲಿ. ಅಲ್ಲಿಂದ 30 ವರ್ಷ ಮುಂದಿನ ಕಾಲದ ಗ್ಯಾಂಗಿನವರು, ತಮ್ಮ ಕಾಲದಲ್ಲಿ ಹೆಣ ಬಚ್ಚಿಡುವುದು ಕಷ್ಟವಾದ್ದರಿಂದ, ಕೊಲ್ಲಬೇಕಾದವರ ಕೈ ಕಟ್ಟಿ, ಮುಖಕ್ಕೆ ಚೀಲ ಹಾಕಿ ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಕಬ್ಬಿನ ಗದ್ದೆಯ ಅಂಚಿನಲ್ಲಿ ತಾಡಪತ್ರಿ ಹಾಸಿ ಕಾದಿರುವ ಕೊಲೆಗಾರ, ಅಂದರೆ ‘ಲೂಪರ್’, ಅವರು ಪ್ರತ್ಯಕ್ಷವಾದ ಕೂಡಲೇ ಗುಂಡು ಹಾರಿಸಿ, ಅವರ ಬೆನ್ನಿಗೆ ಕಟ್ಟಿದ ಬೆಳ್ಳಿಯ ಗಟ್ಟಿಗಳನ್ನು ಬಿಚ್ಚಿಕೊಳ್ಳುತ್ತಾನೆ. ಬೆಳ್ಳಿಯ ಬದಲು ಬಂಗಾರ ಸಿಕ್ಕಿತೆಂದರೆ, ಕೊಂದದ್ದು ವಯಸ್ಸಾದ ತನ್ನನ್ನೇ ಎಂದರ್ಥ. ಚಿತ್ರೀಕರಣ ನಡೆದದ್ದು ದೂರದ ಲೂಸಿಯಾನಾದಲ್ಲಿ. ಆದರೂ ಹೊಸಪೇಟೆ ಕಡೆಯ ಕಬ್ಬಿನ ಗದ್ದೆಗಳನ್ನು ನೋಡಿ ಬೆಳೆದ ನನಗೆ ಆ ಹಸಿರಿನ ಪಕ್ಕದಲ್ಲಿ ಕೊಲೆ ನಡೆಯುವುದು ಹೆಚ್ಚೇ ನಾಟಿತು.

ಕಥಾನಾಯಕ ಜೋ ಇಂಥ ಒಬ್ಬ ಕೊಲೆಗಾರ. ಯುವಕ ಜೋನ ಮುಂದೆ ವಯಸ್ಸಾದ ಅವನೇ, ಮುದುಕ ಜೋ, ಬಂದು ತಪ್ಪಿಸಿಕೊಂಡಾಗ ಗೊಂದಲ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಗದ್ದೆ, ಅದೇ ಗಳಿಗೆ ಮರಳಿ ಬರುತ್ತದೆ, ಈ ಬಾರಿ ಯುವಕ ಮುದುಕನನ್ನು ಕೊಂದುಬಿಡುತ್ತಾನೆ.

“ಮಾಮಾ, ಈಗ ತಪ್ಪಿಸಿಕೊಂಡು ಹೋದಾಂವನ್ನ ಇಂವ ಮತ್ತ ಹ್ಯಾಂಗ ಕೊಂದ?” ಎಂದು ಅಳಿಯ ಕೇಳಿದ. ಚಿತ್ರವನ್ನು ನಿಲ್ಲಿಸಿ ನಾವು ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ಬರೆದುಕೊಂಡೆವು. ಮೇಲಿನ ಗೆರೆಯಲ್ಲಿ ಯುವಕ ಕೊಲ್ಲುತ್ತಾನೆ, ಶಾಂಘೈಗೆ ಹೋಗುತ್ತಾನೆ, ಮದುವೆಯಾಗುತ್ತಾನೆ, ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಹಾಗೆ ಬದುಕಿ ಮುದುಕನಾದವನೇ ಹಿಂದಕ್ಕೆ ಬಂದು ತಪ್ಪಿಸಿಕೊಳ್ಳುವುದು ಕೆಳಗಿನ ಗೆರೆ. ಆಮೇಲೆ ತೋರಿಸಿದ್ದು ನಿಜಕ್ಕೂ ಮೊದಲು ನಡೆದದ್ದು.

ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತಾಗ, ಬ್ರೂಸ್ ವಿಲ್ಲಿಸ್ ಅಭಿನಯಿಸಿದ ಮುದುಕ ಜೋ ಕಾಲಪ್ರಯಾಣವನ್ನು ವಿವರಿಸಲು ಒಪ್ಪುವುದೇ ಇಲ್ಲ. ನನಗೆ ಇದು ನುಣುಚಿಕೊಂಡಂತೆ ಕಾಣಲಿಲ್ಲ, ಏಕೆಂದರೆ ಸೇತ್ ಎಂಬ ಇನ್ನೊಬ್ಬ ಕೊಲೆಗಾರನ ಮೂಲಕ ಚಿತ್ರ ತನ್ನ ನಿಯಮವನ್ನು ಆಗಲೇ ಹೇಳಿ ಮುಗಿಸಿದೆ. ಓಡಿಹೋಗುತ್ತಿರುವ ಮುದುಕ ಸೇತ್‌ನ ಮುಂಗೈ ಮೇಲೆ ಹಳೆಯ ಗಾಯದ ಗುರುತಾಗಿ ಒಂದು ವಿಳಾಸ ಮೂಡುತ್ತದೆ. ಬೇಲಿ ಹತ್ತುವಾಗ ಅವನ ಬೆರಳುಗಳು ಒಂದೊಂದಾಗಿ ಇಲ್ಲವಾಗುತ್ತವೆ, ಆಮೇಲೆ ಮೂಗು, ಆಮೇಲೆ ಕಾಲು. ರಕ್ತದ ಹನಿಯಿಲ್ಲ, ಎಲ್ಲವೂ ಎಂದೋ ಮಾಯ್ದ ಗಾಯಗಳು. ಬೇರೆಲ್ಲೋ ಅದೇ ಹೊತ್ತಿನಲ್ಲಿ ಯುವಕ ಸೇತ್‌ನನ್ನು ಕತ್ತರಿಸುತ್ತಿದ್ದಾರೆ. ಅದನ್ನು ನಮಗೆ ತೋರಿಸುವುದಿಲ್ಲ. ಇಷ್ಟು ಭಯಂಕರವಾದ ಹಿಂಸೆಯನ್ನು ಇಷ್ಟು ಸಂಯಮದಿಂದ ತೋರಿಸಿದ ದೃಶ್ಯಗಳನ್ನು ನಾನು ಹೆಚ್ಚು ಕಂಡಿಲ್ಲ. 30 ವರ್ಷದ ಹಿಂದೆಯೇ ಕಾಲು ಹೋಗಿದ್ದರೆ ಅವನು ಇಲ್ಲಿಯವರೆಗೆ ಓಡಿದ್ದು ಹೇಗೆ ಎಂಬ ಅಳಿಯನ ತಕರಾರು ನ್ಯಾಯವಾದದ್ದೇ, ಅದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಆದರೆ ಇಂದಿನ ಗಾಯ ನಾಳಿನ ಮೈಮೇಲೆ ಕಾಣುತ್ತದೆ ಎಂಬ ಒಂದೇ ನಿಯಮವನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದ ಗಂಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ನನಗೆ ಸಹಿಸಲು ಕಷ್ಟವಾದದ್ದು ಬೇರೆಯೇ. ಹೆಂಡತಿಯನ್ನು ಉಳಿಸಿಕೊಳ್ಳಲು ಮುದುಕ ಜೋ, ಮುಂದೆ ಕ್ರೂರಿಯಾಗಿ ಬೆಳೆದು ಅವಳ ಸಾವಿಗೆ ಕಾರಣವಾಗಬಹುದಾದ ಮಗುವನ್ನು ಹುಡುಕಿ ಕೊಲ್ಲಲು ಹೊರಡುತ್ತಾನೆ. ಅದು ಮೂವರು ಮಕ್ಕಳಲ್ಲಿ ಯಾವುದೆಂದು ಅವನಿಗೂ ಗೊತ್ತಿಲ್ಲ. ಮೊದಲ ಗುಂಡು ಹಾರಿಸಿದ ಮೇಲೆ ಅವನು ಅಳುತ್ತಾನೆ, ಅತ್ತು ಮುಂದಿನ ಮನೆಯತ್ತ ಹೊರಡುತ್ತಾನೆ. ಅಳಿಯ ಅವನನ್ನು ಕ್ಷಮಿಸಲು ಸಿದ್ಧನಿರಲಿಲ್ಲ, ನಾನೂ ಅವನ ಪರವಾಗಿ ವಾದಿಸಲಿಲ್ಲ.